ಒರೆಗೆ ಹಚ್ಚಿದ ಪೋಕರ್ ಬಿಲ್ಲೆಗಳು

ಅಕ್ಕಸಾಲಿ ಕೆಲಸದಿಂದ ನಿವೃತ್ತರಾದ ನಮ್ಮ ಭಾವ, ಭಾನುವಾರದ ಪೋಕರ್ ಇಸ್ಪೀಟಾಟದಲ್ಲಿ ಪಣಕ್ಕಿಡಲೆಂದು ದುಬಾರಿ ಬಿಲ್ಲೆಗಳನ್ನು ತಂದರು. "ಇನ್ಮೇಲೆ ಅಂಗಿ ಗುಂಡಿ ಇಟ್ಟು ಆಡೋ ದರಿದ್ರ ಬೇಡ" ಎಂದು ಗೆಳೆಯರಿಗೆಲ್ಲ ಸಾರಿದರು. ಬಣ್ಣ ಒಳಗೂ ಇದೆಯೋ ಎಂದು ಒಂದೊಂದನ್ನೂ ಒರೆಗಲ್ಲಿಗೆ ತಿಕ್ಕಿ, ಆಮೇಲೆ ಚಿನ್ನದ ತಕ್ಕಡಿಯಲ್ಲಿಟ್ಟರು. ಒಂದರ ತೂಕ ಇನ್ನೊಂದಕ್ಕಿಲ್ಲ! ಅಂಗಡಿಗೆ ಹೋಗಿ ಗುಡುಗಿದರು: "ನಲವತ್ತು ವರ್ಷ ತಕ್ಕಡಿ ಹಿಡಿದವನು ನಾನು. ನನಗೇ ಟೋಪಿನಾ?"

ಅಂಗಡಿಯವನು ಬಿಲ್ಲೆ ಸವರಿ ನೋಡಿದ. "ಅಂಚು ಯಾಕೆ ಸವೆದಿದೆ?"

"ಒರೆಗೆ ಹಚ್ಚಿದ್ದೆ."

"ಹಾಗಾದ್ರೆ ಕಮ್ಮಿಯಾದ ತೂಕ ನಿಮ್ಮ ಕಲ್ಲಿನ ಮೇಲೇ ಇದೆ, ಯಜಮಾನ್ರೇ."

ಭಾವ ಸವೆದ ಬಿಲ್ಲೆಗಳನ್ನು ಎತ್ತಿಕೊಂಡು ಮನೆಗೆ ಬಂದರು. ಗೆಳೆಯರು ಬರುವ ಹೊತ್ತು, ಮುಖ ಎಲ್ಲಿಡುವುದು? ಅಕ್ಕ ಹಳೆಯ ಗುಂಡಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಭಾವನ ಕೈ ತಾನಾಗಿ ತಕ್ಕಡಿಯತ್ತ ಸರಿಯಿತು.

"ರೀ!" ಎಂದಳು ಅಕ್ಕ.