ಕ್ಯಾರಿಯರ್ ಇಲ್ಲದ ಸೈಕಲ್ಲು

ನನ್ನ ನಾದಿನಿಗೆ ಸೈಕಲ್ಲಿನ ಹುಚ್ಚು ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ನಮ್ಮ ಮುಂಗೋಣೆಯಲ್ಲಿ ಒಂದು ದಿನ ಕೂತು ನೋಡಿದರೆ ಆ ಹುಚ್ಚು ಯಾರಿಗಾದರೂ ಹಿಡಿಯುತ್ತದೆ.

ನಮ್ಮದು ಹಲ್ಲಿನ ಸೆಟ್ಟು ಮಾಡುವ ಮನೆ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನನ್ನ ಗಂಡ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಡುತ್ತಾರೆ. ಗಾಳಿ ಬಂದರೆ ಪುಡಿ ಹಾರಿ ಮೇಣಕ್ಕೆ ಮೆತ್ತುತ್ತದೆಂದು ಕಿಟಕಿ ತೆರೆಯುವ ಹಾಗಿಲ್ಲ. ದಿಂಬಿನ ಮೇಲೆ, ಹಾಲಿನ ಕೆನೆಯ ಮೇಲೆ, ನಾದಿನಿಯ ರೆಪ್ಪೆಯ ಮೇಲೆ ಬಿಳಿ ಪುಡಿ. ಕಪಾಟಿನ ತುಂಬ ಸೆಟ್ಟುಗಳು ಸಾಲಾಗಿ ಹಲ್ಲು ಕಿರಿದು ಕೂತಿರುತ್ತವೆ. ಮನೆಯಲ್ಲಿ ಬೇರೆ ಯಾರೂ ಅಷ್ಟು ನಗುವುದಿಲ್ಲ.

ಅವಳ ಮದುವೆಯ ಮಾತು ಬಂದಾಗಲೆಲ್ಲ ಇವರಿಗೆ ಒಂದಲ್ಲ ಒಂದು ದೊಡ್ಡ ಆರ್ಡರ್ ಇರುತ್ತಿತ್ತು. ಅವಳು ಹೋದರೆ ಅಚ್ಚಿನ ಅಂಚು ಕೆರೆಯುವವರು ಯಾರು, ಸೆಟ್ಟಿನ ಡಬ್ಬಿಯನ್ನು ಆಸ್ಪತ್ರೆಗೆ ತಲುಪಿಸುವವರು ಯಾರು? ಹಾಗೇ ಅವಳಿಗೆ ನಲವತ್ತು ದಾಟಿತು. ನಮ್ಮ ತಂಗಿ ಬಲು ಗಟ್ಟಿ ಎಂದು ಇವರು ಬಂದವರ ಮುಂದೆಲ್ಲ ಹೊಗಳುತ್ತಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವಳಿಗೆ ತನ್ನದು ಅಂತ ಇದ್ದದ್ದು ಒಂದೇ. ಗುಡ್ಡದ ಮೇಲಿನ ಆಸ್ಪತ್ರೆಗೆ ಟಾರು ರಸ್ತೆಯಲ್ಲಿ ಸೈಕಲ್ ತುಳಿದು ಹತ್ತಿ, ಹ್ಯಾಂಡಲಿಗೆ ಕಟ್ಟಿದ ಚೀಲದಿಂದ ಡಬ್ಬಿ ತೆಗೆದು ಕೊಟ್ಟು, ವಾಪಸು ಬರುವಾಗ ಹಿಂಬದಿಯ ಮಣ್ಣಿನ ಕಾಲುದಾರಿಯಲ್ಲಿ ಮರಗಳ ನಡುವೆ ಇಳಿಯುವುದು. ಬೇರು, ಕಲ್ಲು, ಕೊರಕಲು. ಚೀಲ ಖಾಲಿ, ಕರೆಯುವವರು ಯಾರೂ ಇಲ್ಲ. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಅವಳ ಮುಖ ಅರಳಿಕೊಂಡೇ ಇರುತ್ತಿತ್ತು.

ಆ ದಾರಿಯಲ್ಲೇ ಹಳೆಯ ಸೈಕಲ್ಲಿನ ಫ್ರೇಮು ಸೀಟಿನ ಕೆಳಗೆ ಲಟಕ್ಕೆಂದು ಮುರಿಯಿತು. ಹೊಸದು ಕೊಳ್ಳಲೇಬೇಕಾಯಿತು. ಇವರಿಗೂ ಒಂದು ಉಪಾಯ ಹೊಳೆಯಿತು. ಗಟ್ಟಿ ಸೈಕಲ್ಲೇ ತೆಗೆದುಕೊಂಡರೆ ಅವಳು ಬರುವಾಗ ಮುಖ್ಯರಸ್ತೆಯ ಡಿಪೋದಿಂದ ಪ್ಲಾಸ್ಟರ್ ಮೂಟೆ ಹೇರಿಕೊಂಡು ಬರಬಹುದಲ್ಲ, ಖಾಲಿ ಯಾಕೆ ಬರಬೇಕು? ಮೂಟೆ ಬಂತೆಂದರೆ ಕಾಲುದಾರಿ ಹೋಯಿತು. ಅದು ಅವಳಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು.

ಅಂಗಡಿಯಲ್ಲಿ ಇವರು ಒಂದೊಂದು ಸೈಕಲ್ಲಿನ ಬೆಸುಗೆಯನ್ನೂ ಮೇಣದ ಚಾಕುವಿನ ಹಿಡಿಯಿಂದ ಕುಟ್ಟಿ ಕಿವಿಗೊಟ್ಟರು. ಪ್ಲಾಸ್ಟರ್ ಅಚ್ಚಿನೊಳಗೆ ಗಾಳಿಗುಳ್ಳೆ ಇದೆಯೇ ಎಂದು ಪರೀಕ್ಷಿಸುವುದೂ ಹೀಗೆಯೇ. ಅಂಗಡಿಯವನು ನಗು ತಡೆದುಕೊಂಡು ಎರಡನ್ನು ಮುಂದಿಟ್ಟ. ಒಂದು ಉಕ್ಕಿನದು, ಭಾರ, ಹಿಂದೆ ಕ್ಯಾರಿಯರ್ ಕೂರಿಸಲು ತೂತುಗಳಿದ್ದವು. ಇನ್ನೊಂದರ ಟೈರು ದಪ್ಪ, ನಡುವೆ ನುಣುಪು, ಅಂಚಿನಲ್ಲಿ ಗಡುಸು ಹಲ್ಲು. ಟಾರಿಗೂ ಆಗುತ್ತದೆ, ಮಣ್ಣಿಗೂ ಆಗುತ್ತದೆ ಎಂದ. ಇವರು ಉಕ್ಕನ್ನು ಕುಟ್ಟುತ್ತಿದ್ದಾಗ ನಾದಿನಿ ಎರಡನೆಯದರ ಹಿಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದಳು.

"ಇದಕ್ಕೆ ಕ್ಯಾರಿಯರ್ ಹಾಕೋಕೆ ಆಗಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಮೇಡಂ, ತೂತೇ ಇಲ್ಲ ನೋಡಿ."

"ಹಾಗಾದ್ರೆ ಇದೇ ಇರಲಿ."

ಅಣ್ಣನಿಗೆ ಮಾತ್ರ ಅವಳು, ಮುಂದೆ ಶಾಕ್ ಅಬ್ಸಾರ್ಬರ್ ಇದೆ, ಡಬ್ಬಿಯಲ್ಲಿ ಮೇಣಕ್ಕೆ ಕೂರಿಸಿದ ಹಲ್ಲು ಅಲ್ಲಾಡುವುದಿಲ್ಲ ಎಂದಳು. ಹಲ್ಲಿನ ಮಾತು ಬಂದರೆ ಇವರು ಕರಗಿಬಿಡುತ್ತಾರೆ. ಕ್ಯಾರಿಯರ್ ಯಾವ ಸೈಕಲ್ಲಿಗಾದರೂ ಆಮೇಲೆ ಹಾಕಿಸಬಹುದು ಎಂದುಕೊಂಡು ಒಪ್ಪಿದರು.

ಕೆಲವು ವಾರ ಅವಳು ಕಾಲುದಾರಿಯಲ್ಲೇ ಇಳಿದಳು. ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು, ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವ ಹಾಗೆ, ಆ ದೊಡ್ಡ ಬೇರಿನ ಹತ್ತಿರ ಬ್ರೇಕ್ ಹಿಡಿಯದೆ ಇಳಿದುಬಿಟ್ಟೆ ಅತ್ತಿಗೆ ಎನ್ನುತ್ತಿದ್ದಳು. ಕೇಳಿ ನನಗೂ ಖುಷಿಯಾಗುತ್ತಿತ್ತು. ನಾನು ಅಷ್ಟು ದೂರವೂ ಹೋದವಳಲ್ಲ.

ಇವರು ಕ್ಯಾರಿಯರ್ ಹಾಕಿಸಲು ಹೋಗಿ ಮುಖ ಇಳಿಬಿಟ್ಟುಕೊಂಡು ಬಂದರು. ತಂಗಿಯನ್ನು ಬೈಯಲಿಲ್ಲ. ಬೈದಿದ್ದರೆ ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು. ನನ್ನ ಹೊಲಿಗೆ ಮೆಷಿನ್ನಿನ ಮುಂದೆ ತಾವೇ ಕೂತು ಹಳೆಯ ಕ್ಯಾನ್ವಾಸು ಕತ್ತರಿಸಿದರು. ಹೊಲಿದು ತಂದದ್ದು ಬೆನ್ನಿಗೆ ಹಾಕಿಕೊಳ್ಳುವ ಚೀಲ, ಮೂಟೆಯ ಅಳತೆಯದು. ತಂಗಿಗೆ ನೋಯಬಾರದೆಂದು ಭುಜದ ಪಟ್ಟಿಯೊಳಗೆ ಹತ್ತಿ ತುಂಬಿದ್ದರು. ಆ ಹತ್ತಿ ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಸೈಕಲ್ಲಿಗೆ ಆಗದಿದ್ರೆ ಏನಂತೆ," ಎಂದರು ಇವರು, "ನಿನ್ನ ಬೆನ್ನಿದೆಯಲ್ಲ."

ಬೇಡ ಎಂಬ ಒಂದು ಮಾತು ಅವಳ ಬಾಯಿಂದ ಬರಲಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಸೆರಗು ಬಿಗಿದು ನಿಂತೆ. ಅವಳು ಚೀಲ ನೋಡಿದಳು, ಪಟ್ಟಿಯನ್ನು ಒತ್ತಿ ನೋಡಿದಳು, ಅಣ್ಣನ ಮುಖ ನೋಡಿದಳು. ಆಮೇಲೆ ತಿರುಗಿ ನಿಂತು ಎರಡೂ ತೋಳು ತೂರಿಸಿದಳು.

"ಇನ್ನೂ ಸ್ವಲ್ಪ ಬಿಗಿ ಮಾಡಣ್ಣ," ಎಂದಳು. "ಸಡಿಲ ಇದ್ರೆ ಮೂಟೆ ಅಲ್ಲಾಡುತ್ತೆ."