ಅಣ್ಣ ಆರಿಸಿದ ಮೌಂಟು

ನಮ್ಮಣ್ಣ ಚನ್ನಪ್ಪ ಯಾರನ್ನಾದರೂ ನೋಯಿಸುವ ಮೊದಲು ಎಡಗಣ್ಣು ಮುಚ್ಚುತ್ತಿದ್ದ. ಅದು ಗುರಿ ಹಿಡಿಯುವವರ ಅಭ್ಯಾಸ. ಬಂದೂಕು ಕೈಯಲ್ಲಿ ಇಲ್ಲದಾಗಲೂ ಅವನನ್ನು ಅದು ಬಿಟ್ಟಿರಲಿಲ್ಲ. ಬ್ಯಾಡಗಿಯ ಅವನ ದಲಾಲಿ ಅಂಗಡಿಗೆ ಮೆಣಸಿನಕಾಯಿ ತಂದ ರೈತರು ಚೀಲ ಇಳಿಸಿ ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಎಡಗಣ್ಣು ಮುಚ್ಚಿತೆಂದರೆ ಮಾತು ಬಂತೆಂದೇ ಅರ್ಥ. ಒಮ್ಮೆ ಮುದುಕನೊಬ್ಬನ ಚೀಲದಿಂದ ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದ. "ಇದು ಡಬ್ಬಿ ತಳಿ ಅಲ್ಲ, ಕಡ್ಡಿ ತಳಿನೂ ಅಲ್ಲ. ಏನ ಯಜಮಾನ, ನಿನ್ನ ಸುಕ್ಕುಗಟ್ಟಿದ ಮಾರೀನ ಒಣಗಿಸಿ ಚೀಲಕ್ಕ ತುಂಬಿಯೇನ?" ಎಂದ. ಸುತ್ತಲಿದ್ದವರು ನಕ್ಕರು. ಮುದುಕನೂ ನಕ್ಕ. ಮಾಲು ಮಾರಬೇಕಿತ್ತಲ್ಲ.

ಮನೆಯವರಿಗೂ ರಿಯಾಯಿತಿ ಇರಲಿಲ್ಲ. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದೆ. ನಮಗೆ ಮಕ್ಕಳಾಗಲಿಲ್ಲ. ಬಂಧುಗಳ ಒಂದು ಮದುವೆಯಲ್ಲಿ, ಊಟದ ಸಾಲಿನಲ್ಲಿ ಕೂತು ಅಣ್ಣ ಅಪರಿಚಿತರೊಬ್ಬರಿಗೆ ನನ್ನ ಪರಿಚಯ ಮಾಡಿಸಿದ್ದು ಹೀಗೆ: "ಇವ ನನ್ನ ತಮ್ಮ ಈರಣ್ಣ. ಬೀಜದ ಕಂಪನ್ಯಾಗ ಅದಾನ್ರಿ. ಮಂದಿ ಹೊಲದಾಗೆಲ್ಲಾ ಮೊಳಕಿ ಬರತಾವ, ಇವನ ಮನ್ಯಾಗೊಂದ ಇಲ್ಲ." ನನ್ನ ಹೆಂಡತಿ ಎಲೆ ಬಿಟ್ಟು ಎದ್ದು ಹೋದಳು. ಅಣ್ಣ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ. ಅವನ ಹೆಂಡತಿ, ನಮ್ಮ ವೈನಿ, ಇಂಥ ಮಾತು ಕೇಳಿ ಕೇಳಿಯೇ ಕುಪ್ಪೇಲೂರಿನ ತವರಿಗೆ ಹೋದವರು ಮರಳಿ ಬರಲಿಲ್ಲ.

ಇಂಥವನು ಬಂದೂಕಿನ ಮುಂದೆ ಮಾತ್ರ ಬೇರೆ ಮನುಷ್ಯನಾಗುತ್ತಿದ್ದ. ನಮ್ಮೂರು ಐರಣಿಯಲ್ಲಿ ಹೊಳೆದಂಡೆಯ ನಮ್ಮ ಗೋವಿನಜೋಳದ ಹೊಲಕ್ಕೆ ಹಂದಿಗಳ ಕಾಟವಿತ್ತು. ಅದಕ್ಕೆಂದು ಅಪ್ಪ ಇಟ್ಟುಕೊಂಡಿದ್ದ ರೈಫಲ್ಲು ಅವನು ತೀರಿದ ಬಳಿಕ ಲೈಸೆನ್ಸಿನ ಸಮೇತ ಅಣ್ಣನಿಗೆ ಬಂತು. ಹಂದಿ ಹೊಡೆಯುವುದರಲ್ಲಿ ಅವನಿಗೆ ರುಚಿ ಇರಲಿಲ್ಲ. ದೂರದಲ್ಲಿ ನಿಲ್ಲಿಸಿದ ಕಾಗದದ ಗುರಿಯ ನಡುಮಧ್ಯಕ್ಕೆ ಹೊಡೆಯುವುದೇ ಅವನ ಹುಚ್ಚು. ಹಾವೇರಿ ಆಗಿನ್ನೂ ಹೊಸ ಜಿಲ್ಲೆ. ಅಲ್ಲಿನ ಗುಡ್ಡದ ಬುಡದ ಗುರಿ ಮೈದಾನಕ್ಕೆ ಅವನು ಬಂದು ಬಂದೂಕು ಹಿಡಿದು ಬೋರಲು ಮಲಗಿದರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ರಾಜ್ಯದ ತಂಡಕ್ಕೆ ಆಯ್ಕೆಯಾಗಬೇಕೆಂಬುದೊಂದೇ ಅವನ ಆಸೆ. ಆದರೆ ನಲವತ್ತು ದಾಟಿದ ಮೇಲೆ ನಳಿಗೆಯ ತುದಿಯ ಗುರಿಮಣಿ ಮಸುಕಾಗತೊಡಗಿತು. ಇನ್ನು ಉಳಿದದ್ದು ದುರ್ಬೀನು ಕೂಡಿಸಿ ಹೊಡೆಯುವ ಪಂದ್ಯ ಮಾತ್ರ. ಅದೂ ತಪ್ಪಿದರೆ ಬಂದೂಕನ್ನು ಗೋಡೆಗೆ ತೂಗುಹಾಕಬೇಕಿತ್ತು.

ದುರ್ಬೀನು ಮುಂಬಯಿಯಿಂದ ಬಂತು. ಅದನ್ನು ಬಂದೂಕಿನ ಬೆನ್ನಿಗೆ ಹಿಡಿದು ನಿಲ್ಲಿಸುವ ಮೌಂಟನ್ನು ಆರಿಸಲು ಹಾವೇರಿಯಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಇಮಾಮಸಾಬರ ಬಳಿ ಹೋದೆವು. "ದುರ್ಬೀನು ಯಾವ ದಡ್ಡನೂ ತರತಾನ ತಮ್ಮಾ," ಎಂದು ದಾರಿಯಲ್ಲಿ ನನಗೆ ಪಾಠ ಮಾಡಿದ. "ಕಣ್ಣು ಎಷ್ಟ ಚುರುಕಿದ್ರೇನು, ಕುತಿಗಿ ಅಲುಗಿದ್ರ ಎಲ್ಲಾ ಹಾಳು. ಮೌಂಟಂದ್ರ ಅದರ ಕುತಿಗಿ."

ಅಂಗಡಿಯಲ್ಲಿ ಅವನು ಒಂದೊಂದನ್ನೂ ಕೂಡಿಸಿ ನೋಡಿದ. ಕಣ್ಣು ಮುಚ್ಚಿ ಬಂದೂಕಿನ ಮರಕ್ಕೆ ಗಲ್ಲ ಇಡುವನು, ಆಮೇಲೆ ಕಣ್ಣು ತೆರೆಯುವನು. ಕತ್ತು ಎತ್ತದೆ ದುರ್ಬೀನಿನ ತುಂಬ ಬೆಳಕು ಕಂಡರೆ ಎತ್ತರ ಸರಿ. ಎತ್ತರದವು ಎಲ್ಲ ಬದಿಗೆ ಹೋದವು. ಕೊನೆಗೆ ಎರಡು ಗಿಡ್ಡ ಮೌಂಟುಗಳು ಉಳಿದವು. ಒಂದು ತಿರುಪು ಬಿಗಿದು ಕಾಯಮ್ಮಾಗಿ ಕೂಡಿಸುವ ಉಕ್ಕಿನದು. ಇನ್ನೊಂದು ಪಕ್ಕದ ಹಿಡಿ ಎತ್ತಿದರೆ ದುರ್ಬೀನಿನ ಸಮೇತ ಕಳಚಿ ಬರುವಂಥದು.

"ಉಕ್ಕಿಂದ ತಗೋರಿ ಸಾವ್ಕಾರ," ಎಂದರು ಇಮಾಮಸಾಬರು. "ಒಮ್ಮೆ ಬಿಗದ್ರ ಮುಗೀತು. ಕಳಚೂದು ಒಳ್ಳೇದ ಐತಿ, ಆದ್ರ ಕಳಚಿ ಹಾಕಿದಾಗೊಮ್ಮೆ ಗುರಿ ಹಂಗ ಐತೋ ಇಲ್ಲೋ ಅಂತ ಎದಿ ಢವಢವ ಅಂತೈತಿ."

ಅಣ್ಣ ಉಕ್ಕಿನದನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದ. ಅವನ ಮನಸ್ಸು ಅದರಲ್ಲೇ ಇದ್ದದ್ದು ನನಗೆ ಕಾಣುತ್ತಿತ್ತು. ಆಮೇಲೆ ಅದನ್ನು ಕೆಳಗಿಟ್ಟ. "ಕಳಚೂದ ಕೊಡ್ರಿ. ನಮ್ಮವ್ವಂದೊಂದು ಹಟ. ಅಪ್ಪ ಹಿಡದ ಬಂದೂಕಿಗೆ ಚಾಳೀಸು ಹಾಕಿದ್ರ ಮಾರ್ನಮಿ ಪೂಜಿಗೆ ಇಡಂಗಿಲ್ಲಂತಾಳ. ಅಪ್ಪ ಇದ್ದಾಗ ಹೆಂಗಿತ್ತೋ ಹಂಗ ಬರಿ ಬಂದೂಕು ಬೇಕಂತ."

"ಹಂಗಾರ ಒಂದು ಮಾತು. ಕಬ್ಬಿಣಕ್ಕ ಕಬ್ಬಿಣ ಕೂಡೂ ಈ ಹಲ್ಲಿನ ಸಂದಿ ಒಣಾ ಇರಬೇಕ್ರಿ, ಜಿಡ್ಡಾದ್ರ ಜಾರತೈತಿ. ಮನ್ಯಾಗೂ ಹೇಳಿ ಇಡ್ರಿ."

ಎಡಗಣ್ಣು ಮುಚ್ಚಿತು. "ಮನ್ಯಾಗ ಅದನ್ನ ಮುಟ್ಟೂ ಧೈರ್ಯ ಯಾವ ಸೂಳಿಮಗಗ ಐತ್ಯೋ ಸಾಬ?"

ಅವನು ಅವ್ವನ ಮಾತು ನಡೆಸಿಕೊಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡದ್ದು ಅದೊಂದೇ ಸಲ. ಮುಂದೆ ಅದಕ್ಕೆ ಬಡ್ಡಿ ಸಮೇತ ವಸೂಲಿ ಮಾಡಿಕೊಂಡ.

ಮಾರ್ನಮಿಗೆ ಅಣ್ಣ ತಾನೇ ಮೌಂಟಿನ ಸಮೇತ ದುರ್ಬೀನನ್ನು ಕಳಚಿ ಗೋಡೆಯ ಮಾಡದಲ್ಲಿಟ್ಟು ಬರಿ ಬಂದೂಕನ್ನು ಅವ್ವನ ಕೈಗೆ ಕೊಟ್ಟ. ಕುಡುಗೋಲು, ಕೊಡಲಿ, ಕೂರಿಗೆಯ ತಾಳುಗಳ ಪಕ್ಕ ಅವ್ವ ಅದನ್ನು ಮಲಗಿಸಿದಳು. ಖಂಡೆ ಪೂಜೆಗೆ ಮನೆಯ ಕಬ್ಬಿಣಕ್ಕೆಲ್ಲ ಕುಸುಬಿ ಎಣ್ಣೆ ಸವರಿ ಕುಂಕುಮ ಹಚ್ಚುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅಣ್ಣ ಹೊರಗೆ ಹೋಗಿದ್ದಾಗ ಅವ್ವನ ಕಣ್ಣು ಮಾಡದ ಮೇಲೆ ಬಿತ್ತು. "ಅದೂ ಮನೀ ಕಬ್ಬಿಣ ಅಲ್ಲೇನೋ?" ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡಳು. "ಎಲ್ಲಾಕ್ಕೂ ಹಚ್ಚಿ ಅದೊಂದನ್ನ ಬಿಟ್ರ ಮುನಿಸಿಕೊಂಡೀತು ಅಂದೆ. ಅವಗ ಆಯ್ಕಿ ಆಗಬೇಕಲ್ಲಪಾ." ಮೌಂಟಿನ ಹಲ್ಲಿಗೆ ಎಣ್ಣೆ ಸವರಿದಳು, ಕುಂಕುಮ ಇಟ್ಟಳು. ಇಟ್ಟ ಮೇಲೆ ಅವನ ಬಾಯಿ ನೆನಪಾಗಿ ಹೆದರಿದಳು. ಸೆರಗಿನಿಂದ ಮೇಲೆ ಕಾಣುವಷ್ಟನ್ನು ಒರೆಸಿ ಮೊದಲಿದ್ದ ಹಾಗೆಯೇ ಇಟ್ಟಳು. ಕಾಣುವ ಹಾಗೆ ಬಿಟ್ಟಿದ್ದರೆ ಅಣ್ಣ ನಾಲ್ಕು ಮಾತು ಅಂದು ಎಲ್ಲವನ್ನೂ ಉಜ್ಜಿ ತೊಳೆಯುತ್ತಿದ್ದ. ಅವನ ಬಾಯಿಯ ಹೆದರಿಕೆಯೇ ಆ ಕುಂಕುಮವನ್ನು ಸಂದಿಯಲ್ಲಿ ಬಚ್ಚಿಟ್ಟಿತು.

ಬನ್ನಿಹಬ್ಬದ ಬೆಳಗ್ಗೆಯೇ ಅಣ್ಣ ನನ್ನನ್ನು ಕರೆದುಕೊಂಡು ಹಾವೇರಿಗೆ ಹೊರಟ. ಮರುದಿನ ಆಯ್ಕೆಯ ಪಂದ್ಯ. ಪಂದ್ಯದ ದಿನ ಮೈದಾನದಲ್ಲಿ ದುರ್ಬೀನು ಕೂಡಿಸಿ ಹಿಡಿ ಒತ್ತಿದಾಗ 'ಟಕ್' ಎಂದು ಎಂದಿನ ಹಾಗೆಯೇ ಕೂತಿತು. ಮೊದಲ ಗುಂಡು ಬಲಕ್ಕೆ ಬಿತ್ತು. ದುರ್ಬೀನಿನ ತಿರುಗಣಿ ತಿರುಗಿಸಿ ಸರಿಪಡಿಸಿದ. ಮುಂದಿನದು ಎಡಕ್ಕೆ, ಅದರ ಮುಂದಿನದು ಮೇಲಕ್ಕೆ. ಪ್ರತಿ ಹೊಡೆತಕ್ಕೂ ಮೌಂಟು ಕೂದಲೆಳೆಯಷ್ಟು ಜಾರುತ್ತಿತ್ತು. ಅಷ್ಟು ದೂರದಲ್ಲಿ ಆ ಕೂದಲೆಳೆ ಗೇಣಾಗುತ್ತದೆ. ಪಂದ್ಯದ ಹೊತ್ತು ಮುಗಿಯುವಷ್ಟರಲ್ಲಿ ಅವನು ಅದನ್ನು ಕಳಚಿ ತಿರುವಿ ನೋಡಿದ. ಹಲ್ಲಿನ ಸಂದಿಯಲ್ಲಿ ಎಣ್ಣೆ ಕುಂಕುಮ ಕಲೆತು ಕೆಂಪು ಕೆಸರಾಗಿತ್ತು.

ಪಕ್ಕದಲ್ಲಿ ಮಲಗಿದ್ದವನೊಬ್ಬ ಇಣುಕಿದ. "ಸಾವ್ಕಾರ, ಬಂದೂಕಿಗೆ ಕುಂಕುಮ ಹಚ್ಚಿ ತಂದೀರಿ. ಬಳಿ ತೊಡಸೂದು ಮರತ್ರೇನ್ರಿ?"

ಮೈದಾನವೆಲ್ಲ ನಕ್ಕಿತು. ಅಣ್ಣನ ಮಾತಿಗೆ ನಕ್ಕವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಅವನನ್ನು ಕಂಡು ನಕ್ಕದ್ದು ಅದೇ ಮೊದಲು.

ಆಯ್ಕೆ ಕೈತಪ್ಪಿ ಐರಣಿಗೆ ಬಂದಾಗ ಸಂಜೆಯಾಗಿತ್ತು. ಅವ್ವ ಅವನಿಗಾಗಿ ಎತ್ತಿಟ್ಟಿದ್ದ ಬನ್ನಿ ಎಲೆ ಹಿಡಿದು ಬಾಗಿಲಿಗೆ ಬಂದಳು. "ಬನ್ನಿ ತಗೋಪಾ, ಬಂಗಾರದಂಗ ಇರೂಣು."

ಅವನು ದುರ್ಬೀನಿನಿಂದ ಬಿಡಿಸಿದ ಮೌಂಟನ್ನು ಅವಳ ಅಂಗೈಯಲ್ಲಿ, ಬನ್ನಿಯ ಮೇಲೆಯೇ ಇಟ್ಟ. ಎಡಗಣ್ಣು ಮುಚ್ಚಿ, "ಅಪ್ಪನ್ನ ಎಷ್ಟ ಪೂಜಿ ಮಾಡಿ ಮಣ್ಣಿಗಿಟ್ಟಿ. ಈಗ ನನ್ನನ್ನೂ ಇಟ್ಟಿ. ಸಮಾಧಾನ ಆತಿಲ್ಲ?" ಎಂದ.

ಆಮೇಲೆ ಅವನು ಅವಳ ಕೈಯ ಊಟ ಮಾಡಲಿಲ್ಲ. ಮುಂದಿನ ವರ್ಷ ಕಣ್ಣು ಇನ್ನಷ್ಟು ಮಂದವಾಯಿತು, ಬಂದೂಕು ಗೋಡೆ ಸೇರಿತು. ಬಂದವರಿಗೆಲ್ಲ, "ನಮ್ಮವ್ವ ಮುಟ್ಟಿದ್ದು ನೆಟ್ಟಗ ಹೋಗಂಗಿಲ್ರಿ" ಎಂದು ಅವಳ ಎದುರೇ ಹೇಳುತ್ತಿದ್ದ. ಅವ್ವ ಬಂದವರಿಗೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು. ಇಷ್ಟಾದರೂ ಪ್ರತಿ ಶನಿವಾರ ಬ್ಯಾಡಗಿಯಿಂದ ಬರುವಾಗ ಅವಳಿಗೆ ಎಳೆಯ ವೀಳ್ಯದೆಲೆ ತರುವುದನ್ನು ಅವನು ಬಿಡಲಿಲ್ಲ. ಮಾತಾಡದೆ ಕಟ್ಟೆಯ ಮೇಲೆ ಒಗೆದು ಹೋಗುತ್ತಿದ್ದ. ಅವನನ್ನು ಪೂರ್ತಿ ದ್ವೇಷಿಸಲು ಆ ಎಲೆ ನಮ್ಮನ್ನು ಬಿಡಲಿಲ್ಲ.

ಕಾಮಾಲೆ ಏರಿ ಹಾವೇರಿಯ ಆಸ್ಪತ್ರೆಯಲ್ಲಿ ಮಲಗಿದಾಗ ಅವನ ಅಂಗಾಲು ಒಡೆದು ಹೋಗಿದ್ದವು. ಅವ್ವ ಊರಿಂದ ಸಣ್ಣ ಸೀಸೆಯಲ್ಲಿ ಎಣ್ಣೆ ತಂದು, ಕೇಳದೆಯೇ ಪಾದಕ್ಕೆ ಸವರತೊಡಗಿದಳು. ಅವನು ಕಾಲು ಎಳೆದುಕೊಳ್ಳಲಿಲ್ಲ. ಈಗಲಾದರೂ ಒಂದು ಮಾತು ಮೃದುವಾಗಿ ಬಂದೀತೆಂದು ನಾನು ಕಾದೆ. ಹಳದಿಯಾದ ಎಡಗಣ್ಣನ್ನು ಕಷ್ಟಪಟ್ಟು ಮುಚ್ಚಿದ.

"ಹಚ್ಚು ಯವ್ವಾ, ಹಚ್ಚು. ಯಮ ಗುರಿ ಇಟ್ಟಾನ. ಅವಂದೂ ತಪ್ಪೀತು."

ಪಕ್ಕದ ಹಾಸಿಗೆಯವರು ನಕ್ಕರು. ಅವ್ವ ಸೀಸೆಗೆ ಬಿರಡೆ ಹಾಕಿದಳು. ಯಮನ ಗುರಿ ತಪ್ಪಲಿಲ್ಲ. ಅವ್ವನಿಗೆ ಅಣ್ಣ ಆಡಿದ ಕೊನೆಯ ಮಾತು ಅದೇ.

ಲೈಸೆನ್ಸು ಅವನೊಂದಿಗೇ ಮುಗಿಯಿತು. ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದೆ. ದುರ್ಬೀನೂ ಮೌಂಟೂ ಮಾಡದಲ್ಲಿ ಉಳಿದವು. ಈ ಸಲದ ಮಾರ್ನಮಿಗೆ ನಾನು ಐರಣಿಗೆ ಹೋದಾಗ ಅವ್ವ ಎಂದಿನಂತೆ ಕುಡುಗೋಲು, ಕೊಡಲಿಗಳಿಗೆ ಎಣ್ಣೆ ಸವರಿ ಕುಂಕುಮ ಇಟ್ಟಿದ್ದಳು. ಬಂದೂಕು ಮಲಗುತ್ತಿದ್ದ ಜಾಗದಲ್ಲಿ ಒಗೆದ ಬಿಳಿ ಅರಿವೆ ಹಾಸಿ, ಅದರ ಮೇಲೆ ಮೌಂಟನ್ನು ಇಟ್ಟಿದ್ದಳು. ಅದಕ್ಕೆ ಎಣ್ಣೆ ಇರಲಿಲ್ಲ, ಕುಂಕುಮ ಇರಲಿಲ್ಲ, ಒಂದು ಹೂವೂ ಇರಲಿಲ್ಲ.

"ಈರಣ್ಣ, ನನಗ ಕಣ್ಣು ಕಾಣಂಗಿಲ್ಲ. ಸಂದ್ಯಾಗ ಬೆರಳು ಹಾಕಿ ನೋಡಪಾ. ಒಣಾ ಐತಿಲ್ಲ?"

ಬೆರಳು ಹಾಕಿ ನೋಡಿದೆ. "ಒಣಾ ಐತಿ ಯವ್ವಾ."

ಅವಳು ನಂಬಲಿಲ್ಲ. ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಸೆರಗಿನ ತುದಿಯನ್ನು ಹೊಸೆದು ಸಂದಿಗೆ ತೂರಿಸಿ, ಮತ್ತೆ ಒರೆಸತೊಡಗಿದಳು.