ಸ್ಯಾಕ್ಸೋಫೋನಿನ ತುದಿಯ ಎರಡು ಗುರುತು

ಪೈವಳಿಕೆಯ ಶ್ಯಾಮ ಮದುವೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಧಾರೆಯ ಹೊತ್ತಿಗೆ ಅವನು ಎಳೆದ ಸ್ವರಕ್ಕೆ ಊಟದ ಪಂಕ್ತಿಗೆ ಓಡುವವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಅದೇನು ಸಣ್ಣ ವಿದ್ಯೆಯಲ್ಲ. ಹತ್ತು ವರ್ಷ ಊದಿ ಊದಿ ವಾದ್ಯದ ಕಪ್ಪು ತುದಿಯಲ್ಲಿ, ಮೇಲಿನ ಎರಡು ಹಲ್ಲು ಊರುವ ಕಡೆ, ಎರಡು ಕುಳಿ ಬಿದ್ದಿದ್ದವು.

2007ರಲ್ಲಿ, ಅವನಿಗೆ ಇಪ್ಪತ್ತಾರಾಗಿದ್ದಾಗ, ಹಲ್ಲುಗಳು ಆ ಕುಳಿಗಳಲ್ಲಿ ಕೂರದಾದವು. ನೋವಿಲ್ಲ, ಹುಳುಕಿಲ್ಲ, ಸುಮ್ಮನೆ ಒಂದಕ್ಕೊಂದು ದೂರ ಸರಿದು ಅಲುಗಾಡತೊಡಗಿದವು. "ಸರಿ ತಿಕ್ಕುವುದಿಲ್ಲ, ಮತ್ತೆಂತ" ಎಂದರು ಊರವರು. ಪಾಪ, ಅವನು ರಕ್ತ ಬರುವಷ್ಟು ತಿಕ್ಕಿದ.

ಮಂಗಳೂರಿನ ಡಾಕ್ಟರಮ್ಮ ರಕ್ತ ಪರೀಕ್ಷಿಸಿ ಹೇಳಿದರು: "ನಿಮ್ಮ ತಪ್ಪಲ್ಲ. ರಕ್ತದ ಬಿಳಿಕಣ ರೋಗಾಣುವನ್ನು ಕೊಲ್ಲಬೇಕು. ನಿಮ್ಮವು ತಡವಾಗಿ ಬರುತ್ತವೆ, ಬಂದರೂ ಸರಿಯಾಗಿ ಕೊಲ್ಲುವುದಿಲ್ಲ. ಒಸಡಿನೊಳಗೆ ಎಲುಬು ಕರಗಿ ಆಗಿದೆ."

"ಅದಕ್ಕೆ ಮದ್ದು ಉಂಟಾ?"

"ಬಿಳಿಕಣ ಸರಿಮಾಡುವ ಮದ್ದು ಇಲ್ಲ. ಸುರುವಿಗೇ ಬಂದರೆ ಹಲ್ಲು ಉಳಿಸಲಿಕ್ಕೆ ನೋಡಬಹುದು. ಇದು ಮನೆತನದಲ್ಲಿ ಬರುವುದುಂಟು. ನಿಮಗೆ ಎರಡು ವರ್ಷದ ಮಗಳಿದ್ದಾಳಲ್ಲ, ಅವಳಿಗೆ ಹತ್ತಾದ ಕೂಡಲೇ ಕರಕೊಂಡು ಬನ್ನಿ."

ಹಲ್ಲು ಹೋದವು. ಕಟ್ಟಿಸಿದ ಹಲ್ಲು, ಜನ ತುಂಬಿದ ಮದುವೆಯಲ್ಲಿ ಜಾರಿ, ಸ್ವರ ಕೀರಲಾಗಿ, ಮದುಮಗಳೂ ನಕ್ಕಳು. ಅಂದಿನಿಂದ ಶ್ಯಾಮ ತಂಡದ ಹಿಂದೆ ಕೂತು ತಾಳ ಹಾಕಿದ.

ಮಗಳು ನಮಿತಾಗೆ ಎಂಟಾದಾಗ ಅದೇ ವಾದ್ಯ ಕೊಟ್ಟ. ಅವಳ ಹಲ್ಲು ಅಪ್ಪನ ಕುಳಿಗಳಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ತನಗೆ ಹಲ್ಲಿದ್ದಾಗಲೂ ಅವನು ಅಷ್ಟು ಸುಖಪಟ್ಟಿರಲಿಲ್ಲ.

ಹತ್ತು ತುಂಬಿತು. ಹೆಂಡತಿ ಪುಷ್ಪಾವತಿ ಡಾಕ್ಟರಮ್ಮನ ಮಾತು ನೆನಪಿಸಿದಳು. "ಚೆಂದದ ಹಲ್ಲು ಉಂಟು. ಸುಮ್ಮನೆ ಆ ಆಸ್ಪತ್ರೆಯ ಪುಸ್ತಕದಲ್ಲಿ ಅವಳ ಹೆಸರು ಬರೆಸುವುದು ಎಂತಕ್ಕೆ?" ಎಂದು ಗದರಿದ. ಹೆಸರು ಬರೆಸಿದರೆ ರೋಗವನ್ನು ಕರೆದಂತೆ ಎಂದು ಅವನ ಲೆಕ್ಕ. ಊರಿಗೆಲ್ಲ ಧೈರ್ಯ ಹೇಳುವ ಮನುಷ್ಯ ಮಂಗಳೂರಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದ. ಹನ್ನೊಂದಾಯಿತು, ಹನ್ನೆರಡಾಯಿತು.

2018ರಲ್ಲಿ ಹದಿಮೂರರ ನಮಿತಾಗೆ ಮಂಗಲ್ಪಾಡಿಯ ಮದುವೆಯೊಂದರಲ್ಲಿ ನುಡಿಸಲು ಮೊದಲ ಕರೆ ಬಂತು. ಒಂದು ಬೆಳಿಗ್ಗೆ ಅಭ್ಯಾಸದ ನಡುವೆ ಅವಳು ಊದುವುದನ್ನು ನಿಲ್ಲಿಸಿದಳು.

"ಅಪ್ಪ, ಈ ಕುಳಿ ಸವೆದು ಹೋಗಿದೆಯಾ? ಹಲ್ಲು ಕೂರುವುದೇ ಇಲ್ಲ."

ಶ್ಯಾಮ ವಾದ್ಯ ತೆಗೆದುಕೊಂಡು ಹೆಬ್ಬೆರಳಾಡಿಸಿದ. ಕುಳಿಗಳು ಇದ್ದಲ್ಲೇ ಇದ್ದವು. ಮೂರು ವರ್ಷ ಸುಮ್ಮನೆ ಕಳೆದದ್ದು ತಾನೇ ಎಂದು ಅವನಿಗೆ ಗೊತ್ತಿತ್ತು.

"ಹೌದು ಮಗಾ, ಸವೆದಿದೆ. ನಾಳೆ ಮಂಗಳೂರಿಗೆ ಹೋಗುವ. ಹೊಸತು ತರುವ."

ಹೊಸತು ಎಂದ ಕೂಡಲೇ ನಮಿತಾ ಬಾಯಿ ತುಂಬ ನಕ್ಕಳು. ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ಹಿಡಿಯುವಷ್ಟು ಸಂದು ಬಿದ್ದಿತ್ತು.